ಉಸಿರಿನ ಪಾಠ ಹೇಳಿದ ಇಂಗ್ಲಿಷ್ ಮೇಷ್ಟ್ರು

ನಮ್ಮ ಮೇಷ್ಟ್ರಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಅದನ್ನೂ ಅವರು ಮನುಷ್ಯರ ಜೊತೆ ಮಾತಾಡಲು ಬಳಸಿದ್ದನ್ನು ನಾನು ಕಂಡಿಲ್ಲ.

ನಾವು ಒಂಬತ್ತು ಜನ ನರ್ಸುಗಳು. ದೊಡ್ಡ ಆಸ್ಪತ್ರೆಯ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಡ್ಯೂಟಿ ಮುಗಿಸಿ ಮೇಷ್ಟ್ರ ಮನೆಗೆ ಓಡುತ್ತಿದ್ದೆವು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಬೆಂಚು ಮತ್ತು ಕಪ್ಪು ಹಲಗೆ, ಹಿಂದಿನದರಲ್ಲಿ ಒಲೆ ಮತ್ತು ಅವರ ಅಕ್ಕ. ಗಂಡ ತೀರಿಕೊಂಡ ಮೇಲೆ ಬಂದು ಸೇರಿದ ಆ ಅಕ್ಕ, ಹನ್ನೆರಡು ವರ್ಷದಿಂದ ತಮ್ಮನಿಗೆ ಬೇಯಿಸಿ ಹಾಕುತ್ತಿದ್ದರು, ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು, ಹಲಗೆ ಒರೆಸುತ್ತಿದ್ದರು. ಸೀಮೆಸುಣ್ಣದ ಪುಡಿ ಎದ್ದರೆ ಅವರಿಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು.

“ಪಾಠ ನಡೀತಿದೆ. ಒಳಗೆ ಹೋಗಿ ಕೆಮ್ಮು.” ತಮ್ಮನ ಅಂತಃಕರಣ ಅಷ್ಟೇ.

ಆ ವಾರ ಉಸಿರಿನ ನುಡಿಗಟ್ಟುಗಳು. ‘ಹೋಲ್ಡ್ ಯುವರ್ ಬ್ರೆತ್’ ಎಂದರೆ ಉಸಿರು ಬಿಗಿಹಿಡಿ. ‘ಅಂಡರ್ ಯುವರ್ ಬ್ರೆತ್’ ಎಂದರೆ ಉಸಿರು ಒಳಗೇ ಅಡಗಿತು ಅಂತಲ್ಲ, ಬಾಯೊಳಗೇ ಗೊಣಗುವುದು. ಬೆನ್ನ ಹಿಂದೆಯೇ ನಿಂತು ಕಾಟ ಕೊಡುವ ಮೇಲಧಿಕಾರಿ ‘ಬ್ರೀದಿಂಗ್ ಡೌನ್ ಯುವರ್ ನೆಕ್’. ಮೇಷ್ಟ್ರು ಕೋಟಿನ ಗುಂಡಿ ಸವರುತ್ತಾ, ತಾವೇ ಹೆತ್ತ ಮಕ್ಕಳೇನೋ ಎಂಬಂತೆ ಒಂದೊಂದನ್ನೂ ಮೆರೆಸುತ್ತಿದ್ದರು.

ಆಗ ಅಕ್ಕ ಬಾಗಿಲಿಗೆ ಬಂದರು. ಚೌಕಟ್ಟು ಹಿಡಿದುಕೊಂಡಿದ್ದರು, ತುಟಿ ನೀಲಿಯಾಗಿತ್ತು.

“ತಮ್ಮಾ... ಉಸಿರು...”

ಮೇಷ್ಟ್ರು ನಮ್ಮ ಕಡೆ ತಿರುಗಿದರು. “ನೋಡಿ, ಒಳ್ಳೆ ಉದಾಹರಣೆ! ಶಿ ಈಸ್ ಗ್ಯಾಸ್ಪಿಂಗ್ ಫಾರ್ ಬ್ರೆತ್. ಉಸಿರಿಗೆ ಒದ್ದಾಡ್ತಿದಾಳೆ ಅಂತ. ಬ್ರೀದ್ ಅಲ್ಲ, ಬ್ರೆತ್. ಬರ್ಕೊಳ್ಳಿ.”

ನಾಚಿಕೆಯಿಂದ ಹೇಳುತ್ತೇನೆ, ನಮ್ಮಲ್ಲೊಬ್ಬಳು ಬರೆದುಕೊಂಡಳು ಕೂಡ. ನಾನು ಬೆಂಚು ದಾಟಿ ಹೋಗಿ ಅಕ್ಕನನ್ನು ಮುಂದಕ್ಕೆ ಬಾಗಿಸಿ ಕೂರಿಸಿದೆ, ಕಿಟಕಿ ತೆರೆದೆ. ಕೆಳಗಿನ ಸೈಕಲ್ ಅಂಗಡಿಯವನು ಓಡಿಹೋಗಿ ಆಟೋ ತಂದ. ಮೇಷ್ಟ್ರು ಪಾಠ ಅರ್ಧಕ್ಕೆ ನಿಂತಿತೆಂದು ಮುಖ ಗಂಟು ಹಾಕಿಕೊಂಡೇ ನಮ್ಮಿಬ್ಬರ ಜೊತೆ ಆಟೋ ಹತ್ತಿದರು.

ಆಸ್ಪತ್ರೆಯಲ್ಲಿ ಅಕ್ಕನಿಗೆ ಆಕ್ಸಿಜನ್ ಹಾಕಿದ ಡಾಕ್ಟರ್ ಏನಾಯಿತೆಂದು ಕೇಳಿದರು. ಮೇಷ್ಟ್ರು ಒಂದೇ ಒಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದರು.

“ಸರಿ ಸಾರ್. ಎಷ್ಟು ವರ್ಷದಿಂದ ಇದೆ ಈ ಉಬ್ಬಸ? ಯಾವ ಔಷಧಿ ತಗೋತಾರೆ?”

ಮೇಷ್ಟ್ರು ನನ್ನ ಮುಖ ನೋಡಿದರು. ಅಕ್ಕನ ವಯಸ್ಸು ಕೇಳಿದಾಗಲೂ ನನ್ನ ಮುಖವನ್ನೇ ನೋಡಿದರು. ಹನ್ನೆರಡು ವರ್ಷ ಅಕ್ಕನ ಕೈಯಡುಗೆ ಉಂಡ ಮಹಾಶಯ!

ನಾಲ್ಕನೇ ದಿನ ಅಕ್ಕ ಎದ್ದು ಕೂತರು. ಕರೆದುಕೊಂಡು ಹೋಗಲು ತಮ್ಮ ಬಂದಾಗ ಇಲ್ಲವೆಂದು ತಲೆಯಾಡಿಸಿದರು.

“ನಾನು ಬರಲ್ಲಪ್ಪ. ಈ ಹುಡುಗೀರ ಹಾಸ್ಟೆಲಲ್ಲಿ ಅಡುಗೆಯವರು ಬೇಕಂತೆ.”

“ಮತ್ತೆ ನನ್ನ ಊಟ?”

ಅದನ್ನು ಕೇಳಿ ಮೇಷ್ಟ್ರ ಬಾಯಿಂದ ಹೊರಟ ಮೊದಲ ಮಾತು ಇದು. ಅಕ್ಕ ಗೋಡೆ ಕಡೆ ಹೊರಳಿದರು.

ಈಗ ಅಕ್ಕ ನಮ್ಮ ಹಾಸ್ಟೆಲಿನ ಅಡುಗೆಮನೆಯನ್ನು ಆಳುತ್ತಾರೆ. ಔಷಧಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಾರೆ. ನಾವು ತಡವಾಗಿ ಬಂದರೆ ಗದರುತ್ತಾರೆ. ಮೇಷ್ಟ್ರು ಮಾತ್ರ, ಅಕ್ಕನಿಗೆ ದೊಡ್ಡ ಆಸ್ಪತ್ರೆಯಲ್ಲಿ ತಾವೇ ಕೆಲಸ ಕೊಡಿಸಿದ್ದಾಗಿ ಹೊಸ ವಿದ್ಯಾರ್ಥಿಗಳ ಮುಂದೆ ಕೊಚ್ಚಿಕೊಳ್ಳುತ್ತಾರಂತೆ.