ಅಪ್ಪನ ಮೂರು ಗುಳಿಗೆ

ಜಹೀರಾಬಾದಿನ ಒಂದು ದವಾಖಾನೆಯಲ್ಲಿ ನಾನು ಬಹಳ ವರ್ಷ ಕಂಪೌಂಡರ್ ಆಗಿದ್ದೆ. ಓದಿದ್ದು ಆರನೆಯ ತರಗತಿ. ಆದರೂ ಶೀಶೆಗಳ ಮೇಲಿನ ಇಂಗ್ಲಿಷ್ ಹೆಸರುಗಳನ್ನು ತಡವರಿಸದೆ ಓದುತ್ತಿದ್ದೆ. ನಾನು ಕಟ್ಟಿಕೊಟ್ಟ ಪುಡಿಕೆಯಲ್ಲಿ ಗುಳಿಗೆ ಹೆಚ್ಚುಕಡಿಮೆ ಆಯಿತೆಂದು ಯಾರೂ ಮರಳಿ ಬಂದದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಡಾಕ್ಟರಿಗೆ ಅಂಚೆಯಲ್ಲಿ ನಾಲ್ಕು ಪುಟದ ಒಂದು ಸಮಾಚಾರ ಪತ್ರ ಬರತೊಡಗಿತು. ಮುದುಕರನ್ನು ನೋಡುವ ಡಾಕ್ಟರುಗಳೇ ಸೇರಿ ಕಟ್ಟಿಕೊಂಡ ಸಂಘದ್ದಂತೆ. ನನಗೆ ಸೋಜಿಗ. ಕಣ್ಣಿನ ಡಾಕ್ಟರು, ಮಕ್ಕಳ ಡಾಕ್ಟರು ಹೈದರಾಬಾದಿನಲ್ಲಿ ಇದ್ದಾರೆಂದು ಕೇಳಿದ್ದೆ. ಮುಪ್ಪಿಗೂ ಡಾಕ್ಟರೇ?

"ಸಾಹೇಬ್ರ, ಮುಪ್ಪು ಬ್ಯಾನಿ ಅಲ್ಲಲ್ರಿ. ಅದಕ್ಕೇನ್ ದವಾ ಕೊಡ್ತಾರ್ರಿ ಇವ್ರು?" ಎಂದೆ.

"ಅದನ್ನೇ ಮಾತಾಡಾಕ ಸಂಘ ಕಟ್ಯಾರ. ನಿನ್ನ ಕೇಳಿ ಕಟ್ಟಬೇಕಾಗಿತ್ತು, ತಪ್ಪಾತು ನೋಡು" ಎಂದರು. ಅವರು ಬೀದರ ಕಡೆಯವರು, ಚೇಷ್ಟೆ ಬಿಟ್ಟು ಮಾತಾಡಿದ್ದು ಕಡಿಮೆ.

ಅಂದಿನಿಂದ ಪತ್ರ ಬಂದಾಗಲೆಲ್ಲ ಮಧ್ಯಾಹ್ನ ರೋಗಿಗಳು ಕರಗಿದ ಮೇಲೆ ಅವರಿಂದ ಓದಿಸಿ ಕೇಳುತ್ತಿದ್ದೆ. ಸಭೆ ಯಾವ ಊರಲ್ಲಿ, ಅಧ್ಯಕ್ಷರು ಯಾರು ಎಂಬುದು ಬಂದರೆ "ಮುಂದ ಹೋಗ್ರಿ" ಎನ್ನುತ್ತಿದ್ದೆ. ಒಮ್ಮೆ ಕೊನೆಯ ಪುಟದ ಮೂಲೆಯಲ್ಲಿ ಯಾರೋ ಡಾಕ್ಟರು ನಾಲ್ಕು ಸಾಲು ಬರೆದಿದ್ದರು. ಔಷಧ ತೆಗೆದುಕೊಳ್ಳುತ್ತೀರಾ ಎಂದರೆ ಮುದುಕರು ಹೌದೆಂದೇ ಹೇಳುತ್ತಾರೆ, ಅದಕ್ಕೆ ಹೇಗೆ ತೆಗೆದುಕೊಳ್ಳುತ್ತೀರೆಂದು ಮಾಡಿ ತೋರಿಸಲು ಹೇಳಬೇಕು ಎಂಬುದು ಅದರ ಸಾರ.

ನಾನು ಅಂದು ಸಂಜೆಯೇ ಸುರು ಮಾಡಿದೆ. ರಾಯಿಕೋಡಿನ ಮುದುಕಿಯೊಬ್ಬಳು ಮಂಡಿನೋವಿನ ಗುಳಿಗೆಯನ್ನು ಅರೆದು ಮಂಡಿಗೇ ಹಚ್ಚಿಕೊಳ್ಳುತ್ತಿದ್ದಳು. "ನೋವು ಇಲ್ಲಿ ಅದ, ಹೊಟ್ಯಾಗ ಹಾಕಿ ಏನ್ ಮಾಡ್ಲೊ?" ಎಂದು ನನಗೇ ಜೋರು ಮಾಡಿದಳು. ನಾರಾಯಣಖೇಡದಿಂದ ಬಸ್ಸಿಗೆ ಬಂದ ಮುದುಕ ಅರ್ಧ ತಾನು ನುಂಗಿ ಅರ್ಧ ಹೆಂಡತಿಗೆ ಕೊಡುತ್ತಿದ್ದ. ನಗುತ್ತ, ಬೆರಗಾಗುತ್ತ ನಾಲ್ಕಾರು ದಿನ ಹೀಗೇ ಕಳೆದವು.

ಆ ದಿನಗಳಲ್ಲೇ ನಮ್ಮ ಅಪ್ಪ ಬೀಳುತ್ತಿದ್ದ. ಪೂಜೆ ಮುಗಿಸಿ, ರೊಟ್ಟಿ ತಿಂದು, ಪಡಸಾಲೆಯಲ್ಲಿ ತುಸು ಹೊತ್ತು ಕೂತು, ಹೊಲಕ್ಕೆಂದು ಏಳುವಾಗ ಕಣ್ಣು ಕತ್ತಲಿಡುತ್ತಿತ್ತು. ಎರಡು ಸಲ ಹೊಸ್ತಿಲ ಮೇಲೇ ಉರುಳಿದ. ಅವನಿಗೆ ಬಿ.ಪಿ. ಇತ್ತು. ಮುಂಜಾನೆ, ಮಧ್ಯಾಹ್ನ, ಸಂಜೆ ಒಂದೊಂದು ಗುಳಿಗೆ ಎಂದು ನಾನೇ ಕಟ್ಟಿಕೊಟ್ಟಿದ್ದೆ. ಸಂಜೆ ದವಾಖಾನೆಗೆ ಕರೆತಂದು ನೋಡಿಸಿದರೆ ಬಿ.ಪಿ. ಇನ್ನೂ ಏರಿಯೇ ಇರುತ್ತಿತ್ತು. ಗುಳಿಗೆ ಹೆಚ್ಚಿಸಬೇಕೆಂದು ಡಾಕ್ಟರು ಯೋಚಿಸುತ್ತಿದ್ದರು. ಅಣ್ಣನಂತೂ ಹೊಲವನ್ನು ಮೊಗುಡಂಪಲ್ಲಿಯವನೊಬ್ಬನಿಗೆ ಪಾಲಿಗೆ ಕೊಡುವುದೆಂದು ನಿಶ್ಚಯಿಸಿಬಿಟ್ಟಿದ್ದ.

"ಬಾವಿ ದಂಡಿಗಿ ಬಿದ್ರ ಯಾರ್ ನೋಡೋರಪ್ಪಾ?" ಎಂದ ಅಣ್ಣ.

"ಕಾಲು ಮುರದು ಮೂಲಿಗಿ ಕುಂದ್ರಸ್ರಿ. ಬರೋಬ್ಬರಿ ಆತದ" ಎಂದು ಅಪ್ಪ ಮುಖ ತಿರುಗಿಸಿದ.

ಬೀಳುವುದು ಮುಂಜಾನೆಯೇ ಏಕೆ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಊರವರನ್ನೆಲ್ಲ ತೋರಿಸಿರೆಂದು ಕೇಳಿದ್ದೆ, ಅಪ್ಪನನ್ನು ಕೇಳಿರಲಿಲ್ಲ. ಕಂಪೌಂಡರನ ಅಪ್ಪನಿಗೆ ಕೇಳುವುದೇನಿದೆ ಎಂದುಕೊಂಡಿದ್ದೆ.

ನಮ್ಮಲ್ಲಿ ಲಿಂಗಪೂಜೆಗೆ ಕೂತವರ ಹತ್ತಿರ ಯಾರೂ ಸುಳಿಯುವುದಿಲ್ಲ. ಮರುದಿನ ಅಪ್ಪ ಗುಳಿಗೆ ನುಂಗುವುದನ್ನು ನೋಡಲೆಂದು ನಾನು ಬಾಗಿಲಲ್ಲಿ ಕೂತೆ. ಅಪ್ಪ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದ. ಆಮೇಲೆ ಪುಡಿಕೆ ಬಿಚ್ಚಿ ಮೂರು ಗುಳಿಗೆ ತೆಗೆದು ಲಿಂಗಕ್ಕೆ ಅರ್ಪಿಸಿದ. ಕಣ್ಣಿಗೊತ್ತಿಕೊಂಡು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡ.

"ಅಪ್ಪಾ! ಮೂರೂ ಒಮ್ಮೆಗೇ?"

"ಮತ್ತ? ಲಿಂಗಕ್ಕ ತೋರಸ್ದೆ ಹ್ಯಾಂಗ ನುಂಗ್ಲಿ? ತೋರಸಿದ ಮ್ಯಾಲ ಪ್ರಸಾದ ಆತು. ಪ್ರಸಾದ ಸಂಜಿತನ ಉಳಿಸ್ತಾರೇನು?"

"ರೊಟ್ಟಿ ಮೂರು ಹೊತ್ತು ತಿಂತಿಯಲ್ಲ, ಅದನ್ನೂ ತೋರಸ್ತೀಯೇನು?"

"ರೊಟ್ಟಿ ನಮ್ಮ ಹೊಲದ್ದು, ನಿಮ್ಮವ್ವ ಬಡದದ್ದು. ಇದು ಯಾವ ಕಾರ್ಖಾನ್ಯಾಗ ಯಾರ್ ಕೈಲೆ ಆಗ್ಯಾದೋ, ನಿನಗರ ಗೊತ್ತದೇನು?"

ಕೊರಳಲ್ಲಿ ಲಿಂಗ ನನಗೂ ಇತ್ತು.

ದವಾಖಾನೆಗೆ ಹೋಗಿ ಹೇಳಿದೆ. ಡಾಕ್ಟರು ಕೇಳಿ ಪೆನ್ನು ಕೆಳಗಿಟ್ಟರು. ಅಂದು ಚೇಷ್ಟೆ ಮಾಡಲಿಲ್ಲ. "ಮೂರೂ ಒಮ್ಮೆಗೇ ನುಂಗಿದ್ರ ಮುಂಜಾನಿ ಬಿ.ಪಿ. ಇಳದು ಬೀಳ್ತಾನ, ಸಂಜೀಕ ಮತ್ತ ಏರ್ತದ. ನಾ ಇನ್ನೊಂದು ಹೆಚ್ಚ ಮಾಡಾಂವ ಇದ್ನಲ್ಲೊ" ಎಂದರು. ಸಂಘಕ್ಕೆ ಒಂದು ಪತ್ರವನ್ನೂ ಬರೆದರು.

"ನನ್ನ ತಪ್ಪು ಬರದೀರೇನ್ರಿ?"

"ನಂದೂ ಬರದೀನಿ, ಸುಮ್ಕಿರು."

ಭಾನುವಾರ ಅವರೇ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಅಪ್ಪನನ್ನು ಕೂಡಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ಆಮೇಲೆ ಕೈಮುಗಿದೇ ಕೇಳಿದರು: "ಕಾಕಾ, ದಿನಾ ಮೂರು ಸಲ ಪೂಜಿ ಮಾಡಾಕ ಆಗಂಗಿಲ್ಲೇನ್ರಿ? ಒಂದು ಪೂಜಿಗಿ ಒಂದೇ ಗುಳಿಗಿ."

"ನಮ್ಮ ಮುತ್ಯಾ ಮೂರು ಸಲ ಮಾಡ್ತಿದ್ದ. ನಂಗೂ ಆತದ" ಎಂದ ಅಪ್ಪ. ಬಳಿಕ ಅಣ್ಣನತ್ತ ನೋಡಿ, "ಆದ್ರ ಮಧ್ಯಾಹ್ನದ ಪೂಜಿಗಿ ಬಾವಿ ನೀರೇ ಬೇಕು. ಬಾವಿ ಹೊಲದಾಗ ಅದ" ಎಂದ.

ಅಣ್ಣ ಡಾಕ್ಟರ ಮುಖ ನೋಡಿದ. "ಹದಿನೈದು ದಿನ ನೋಡ್ರಿ. ಜೋಡಿಗಿ ಒಬ್ರು ಹೋಗ್ರಿ" ಎಂದರು ಅವರು.

ಹದಿನೈದು ದಿನ ಅಣ್ಣನೇ ಜೊತೆಗೆ ಹೋದ. ಅಪ್ಪ ಒಮ್ಮೆಯೂ ಬೀಳಲಿಲ್ಲ. ಹದಿನಾರನೆಯ ದಿನ ಪಾಲಿನ ಮಾತಿಗೆಂದು ಮೊಗುಡಂಪಲ್ಲಿಯವನು ಬಂದ. ಅಣ್ಣ ಅವನಿಗೆ ಚಹಾ ಕುಡಿಸಿ, "ಹೊಲ ನಾವೇ ಮಾಡ್ತೀವ್ರಿ" ಎಂದು ಹೇಳಿ ಕಳಿಸಿದ. ಅಪ್ಪ ಆಗಲೇ ಹೊಲಕ್ಕೆ ಹೋಗಿದ್ದ.