ಒಂದೇ ವರ್ಷದ ತಮ್ಮ

ನಮ್ಮ ಬೀದಿಯ ಟೈಲರಕ್ಕ ಟ್ರಾನ್ಸ್‌ಜೆಂಡರ್ ಮಹಿಳೆ. ತನ್ನ ಹಾಗೆ ಮನೆಯಿಂದ ಹೊರಬಿದ್ದವರನ್ನು ಕೂಡಿಸಿಕೊಂಡು, ಹೊಲಿಗೆ ಕಲಿಸುತ್ತ, ಒಂದು ಸಂಘವನ್ನೇ ಕಟ್ಟಿದ್ದಾಳೆ. ಸಂಘದ ಆಫೀಸೆಂದರೆ ಅಂಗಡಿಯ ಟ್ರಯಲ್ ರೂಮು. ಗಿರಾಕಿ ಬಟ್ಟೆ ಹಾಕಿ ನೋಡಲು ಬಂದರೆ ಇಡೀ ಸಭೆ ಎದ್ದು ಹೊರಗೆ ನಿಲ್ಲಬೇಕು.

ಅನುದಾನ ಕೊಡುವ ಸಂಸ್ಥೆಯ ಅಧಿಕಾರಿಯೊಬ್ಬ ಮೊನ್ನೆ ಸಂಘವನ್ನು ನೋಡಲು ಬಂದ. ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ, "ಸರ್... ಅಲ್ಲ, ಮೇಡಂ... ಅಂದ್ರೆ..." ಎಂದು ಬೆವರಿದ. ಕಣ್ಣೆದುರಿನ ಹೆಂಗಸನ್ನು ಮೇಡಂ ಅನ್ನಲು ಇಷ್ಟೊಂದು ಪಾಡೇ!

"ಅಷ್ಟ್ಯಾಕೆ ಒದ್ದಾಡ್ತೀರಿ? ಅಕ್ಕ ಅನ್ನಿ, ಸಾಕು," ಎಂದಳು ಟೈಲರಕ್ಕ.

ಅವನಿಗೆ ಹೋದ ಜೀವ ಬಂದಂತಾಯಿತು. ಮಾತಿಗೊಮ್ಮೆ ಅಕ್ಕ ಅಕ್ಕ ಎನ್ನುತ್ತ ಎಲ್ಲ ವಿಚಾರಿಸಿ, ಕೊನೆಗೆ ಅನುದಾನ ಕೊಡುವವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದ.

"ನಾವು ಒಂದೇ ವರ್ಷ ಕೊಡೋದು ಅಕ್ಕಾ. ಆಮೇಲೆ ಸಂಘ ಹೇಗೆ ನಡೆಸ್ತೀರಿ?"

ಟೈಲರಕ್ಕ ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಳು.

"ಅಯ್ಯೋ ತಮ್ಮಾ, ಬಾಯ್ತುಂಬ ಅಕ್ಕ ಅಂದು ಒಂದೇ ವರ್ಷಕ್ಕೆ ಸಂಬಂಧ ಕಡ್ಕೋತೀಯಾ? ನನ್ನನ್ನ ಹೊರಗೆ ಹಾಕಿದ ಮನೆಯವರೇ ಹದಿನೆಂಟು ವರ್ಷ ಇಟ್ಕೊಂಡಿದ್ರಪ್ಪಾ!"