ಬೇಸಿಗೆಯಲ್ಲಿ ತೋರಿಸುವ ಮನೆ

ಎಷ್ಟು ತೊಳೆದರೂ ಕೈಯಿಂದ ಬಣ್ಣದ ವಾಸನೆ ಹೋಗುತ್ತಿಲ್ಲ. ನಾಲ್ಕು ದಿನ ಶಹಾಪುರದ ನಮ್ಮ ಮನೆಗೆ ನಿಂತು ಬಣ್ಣ ಹೊಡೆಸಿದೆ, ಮೂಲೆಗಳಿಗೆ ನಾನೇ ಬಳಿದೆ. ನಮ್ಮ ಮನೆ ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಕೋರ್ಟು ನನ್ನನ್ನೂ ಗಂಡನನ್ನೂ ಬೇರೆ ಮಾಡಿ ಎಂಟು ತಿಂಗಳಾಯಿತು. ಮನೆ ಮಾತ್ರ ಇನ್ನೂ ಇಬ್ಬರ ಹೆಸರಿನಲ್ಲಿದೆ, ಮಾರಿ ಹಂಚಿಕೊಳ್ಳಬೇಕು. ‘ಕೆನಾಲ್ ಬಂದ್ ಇದ್ದಾಗ್ಲೇ ತೋರಿಸಿಬಿಡೋಣ. ನೀರು ಬಿಟ್ಟ ಮ್ಯಾಲೆ ಯಾರೂ ತೊಗೊಳ್ಳಂಗಿಲ್ಲ’ ಎಂದು ಅವನು ಫೋನ್ ಮಾಡಿದ. ಇಪ್ಪತ್ತೆರಡು ವರ್ಷ ‘ಅವರು’ ಎನ್ನುತ್ತಿದ್ದೆ, ಈಗ ‘ಅವನು’ ಎನ್ನುತ್ತೇನೆ. ಬಿಡುಗಡೆಯಿಂದ ನನಗೆ ಸಿಕ್ಕ ಆಸ್ತಿ ಸದ್ಯಕ್ಕೆ ಇಷ್ಟೇ. ಆದರೂ ಅವನು ಹೇಳಿದ ಕೂಡಲೇ ಬಣ್ಣದ ಡಬ್ಬಿ ಹಿಡಿದು ಹೊರಟೆನಲ್ಲ, ನನ್ನ ರೋಗ ಯಾವುದೆಂದು ನಿಮಗೆ ಅಲ್ಲೇ ತಿಳಿದಿರಬೇಕು.

ಆ ಜಾಗ ಕೊಳ್ಳುವಾಗ ನಾನು ಹೊಸ ಮದುವಣಗಿತ್ತಿ. ಊರ ಹೊರಗಿನ ಎರೆ ಹೊಲ, ಕಪ್ಪು ಮಣ್ಣು. ಕಾಲುವೆ ತೋಡಿ ಮುಗಿದಿತ್ತು, ನೀರು ಇನ್ನೂ ಬಂದಿರಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಕೋಲೂರಿ ನಿಂತು ನಮ್ಮನ್ನೇ ನೋಡಿದ. ‘ಎರಿ ಮಣ್ಣಿನ ಮ್ಯಾಲೆ ಮನಿ ಕಟ್ಟಬ್ಯಾಡ್ರಿ ಸಾಹೇಬ್ರ. ಬ್ಯಾಸಗ್ಯಾಗ ಬಾಯಿ ಬಿಡ್ತದ, ನೀರು ಕುಡದ್ರ ಉಬ್ಬತದ. ಗ್ವಾಡಿ ನಿಲ್ಲಂಗಿಲ್ಲ’ ಎಂದ. ಇವನು ಹೋ ಎಂದು ನಕ್ಕ. ‘ಕುರಿ ಕಾಯೋರು ಇಂಜಿನಿಯರ್ ಆಗ್ಯಾರ ನೋಡು. ನಾವು ಇಲ್ಲೇ ಕಟ್ಟಾವ್ರು, ಹೌದಿಲ್ಲೋ?’ ಎಂದು ನನ್ನತ್ತ ತಿರುಗಿದ. ಮುದುಕನ ಮಾತೇ ಸರಿ ಎಂದು ನನ್ನ ಮನಸ್ಸು ಹೇಳುತ್ತಿತ್ತು, ನಾನೂ ಎರೆ ಸೀಮೆಯವಳೇ. ‘ಹೌದ್ರಿ’ ಎಂದೆ.

ನಾಲ್ಕು ಜನರೆದುರು ಗಂಡ ‘ಹೌದಿಲ್ಲೋ’ ಎಂದರೆ ಹೆಂಡತಿ ‘ಹೌದ್ರಿ’ ಎನ್ನಬೇಕು. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ. ಅವ್ವ ಅನ್ನುತ್ತಿದ್ದಳು, ನಾನೂ ಅಂದೆ.

ಕಾಲುವೆಗೆ ನೀರು ಬಿಟ್ಟ ವರ್ಷ ಸುತ್ತಲ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಊರಿಗೆಲ್ಲ ಹಬ್ಬ. ನಮ್ಮ ಗೋಡೆಗೆ ಮಾತ್ರ ಎದೆಮಟ್ಟ ತೇವ ಏರಿತು. ನೆಲ ಉಬ್ಬಿ ಮುಂಬಾಗಿಲು ಸಿಕ್ಕಿಹಾಕಿಕೊಂಡಿತು. ‘ಬ್ಯಾಸಗಿ ತನಕ ತಡೀರಿ, ತಾನ ಸಡ್ಲಾಗತದ’ ಎಂದು ಬಡಿಗ ಅಂಗಲಾಚಿದ. ಇವನು ಕೇಳಬೇಕಲ್ಲ! ಬಾಗಿಲ ಅಡಿಯನ್ನು ಕೆತ್ತಿಸಿಯೇ ಬಿಟ್ಟ. ಬೇಸಿಗೆಯಲ್ಲಿ ನೆಲ ಇಳಿಯಿತು ನೋಡಿ, ಬಾಗಿಲ ಕೆಳಗೆ ನಾಲ್ಕು ಬೆರಳು ಸಂದಿ. ಅದರೊಳಗಿಂದ ಚೇಳೊಂದು ಬೀಗರ ಹಾಗೆ ಠೀವಿಯಿಂದ ಒಳಗೆ ಬಂತು. ನಾನು ತವರಿನ ಇಳಕಲ್ ಸೀರೆಯನ್ನು ಹರಿದು, ಸುರುಳಿ ಸುತ್ತಿ ಸಂದಿಗೆ ತುರುಕಿದೆ. ಬಂದವರು ಇದೇನೆಂದು ಕೇಳಿದರೆ ಇವನು, ‘ಆಕಿಗೆ ಧೂಳು ಆಗಂಗಿಲ್ರಿ, ಶೋಕಿ. ಹೌದಿಲ್ಲೋ?’ ಎನ್ನುತ್ತಿದ್ದ. ಹೌದ್ರಿ ಎಂದು ನಾನು ಎರಡು ಸಲ ಸೀನಿಯೂ ತೋರಿಸಿದ್ದುಂಟು. ನಗಬೇಡಿ.

‘ಕುಡೀತಿದ್ದನೇನು? ಹೊಡೀತಿದ್ದನೇನು? ಮತ್ತ್ಯಾಕ ಬಿಟ್ಟಿ?’ ಎಂದು ಕೇಳುವವರಿಗೆ ನಾನು ಒಂದು ಸಂಜೆಯ ಕಥೆ ಹೇಳುತ್ತೇನೆ. ನನಗೆ ಸುರಪುರದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು. ಆದೇಶದ ಕಾಗದ ಇನ್ನೂ ನನ್ನ ಚೀಲದಲ್ಲಿತ್ತು, ದೇವರ ಮುಂದೆ ಸಹ ಇಟ್ಟಿರಲಿಲ್ಲ, ಇವನಿಗೆ ಫೋನಿನಲ್ಲಿ ಹೇಳಿದ್ದೆ ಅಷ್ಟೇ. ಇವನ ಆಫೀಸಿನವರು ಮನೆಗೆ ಬಂದು ಕೂತಿದ್ದರು. ನಾನು ಚಹಾ ತಂದೆ. ‘ಇಕಿಗೆ ದೊಡ್ಡ ಟೀಚರ್ ಆಗೋದು ಬ್ಯಾಡಂತ್ರಿ. ಮನಿ ನೋಡ್ಕೊಂಡು ಇರ್ತಾಳಂತ, ಹೌದಿಲ್ಲೋ?’ ಎಂದ. ಕೈಯಲ್ಲಿ ಐದು ಕಪ್ಪುಗಳ ತಟ್ಟೆ. ಹೌದ್ರಿ ಎಂದೆ. ಮರುದಿನ ಬಡ್ತಿ ಬೇಡವೆಂದು ಬರೆದುಕೊಟ್ಟೆ. ಆ ಒಂದು ಮಾತು ಎದೆಯಲ್ಲಿ ಕೊಳೆಯಲು ಆರು ವರ್ಷ ಹಿಡಿಯಿತು. ಆಮೇಲೆ ವಕೀಲರ ಮನೆ ಹುಡುಕಿಕೊಂಡು ಹೋದೆ.

ಇವತ್ತು ಮನೆ ನೋಡಲು ಕೆಂಭಾವಿಯಿಂದ ಗಂಡ ಹೆಂಡತಿ ಬಂದಿದ್ದರು. ಮದುವೆಯಾಗಿ ವರ್ಷವಾಗಿಲ್ಲವಂತೆ. ಹುಡುಗಿ ನರ್ಸ್. ಹೊರಗೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಹಾಗೆ ಮನೆ ಥಳಥಳ ಹೊಳೆಯುತ್ತಿತ್ತು. ಅವನು ಅವಳ ಗಂಡನಿಗೆ ಅಟ್ಟ ತೋರಿಸುತ್ತಿದ್ದರೆ ಆ ಹುಡುಗಿ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತಳು. ಮೆಲ್ಲಗೆ, ‘ಅಕ್ಕಾರ, ನೀರು ಬಿಟ್ಟಾಗ ಇದಕ್ಕ ಹಸಿ ಏರತದೇನ್ರಿ?’ ಎಂದಳು.

ಅಟ್ಟದಿಂದ ಇಳಿಯುತ್ತಿದ್ದ ಅವನಿಗೆ ಕೇಳಿಸಿಬಿಟ್ಟಿತು. ‘ಛೇ, ಛೇ! ಕಲ್ಲಿನಂಥಾ ಮನಿ ಅದ ತಂಗಿ. ಇಪ್ಪತ್ತು ವರ್ಷದಾಗ ಒಂದು ಬಿರುಕಿಲ್ಲ’ ಎಂದವನು ಹಳೆಯ ಚಾಳಿಯಂತೆ ನನ್ನತ್ತ ತಿರುಗಿದ. ‘ಹೌದಿಲ್ಲೋ?’

ದೇವರಾಣೆ, ‘ಹೌದ್ರಿ’ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

‘ಏರತದವ್ವಾ. ಎದಿಮಟ ಏರತದ. ನೆಲ ಉಬ್ಬತದ, ಬಾಗಲಾ ತೆರಿಯಂಗಿಲ್ಲ. ಅದಕ್ಕ ಬ್ಯಾಸಗ್ಯಾಗ ತೋರ್ಸಾಕತ್ತೀವಿ.’

ಅವನ ಮುಖ ಕಪ್ಪಿಟ್ಟಿತು. ‘ಹುಚ್ಚು ಹಿಡದದೇನು? ನಿಂದೂ ಅರ್ಧ ಅದ ಇದರಾಗ!’ ಎಂದು ಹಲ್ಲು ಕಡಿದ. ಕಡಿಯಲಿ. ಮನೆ ಮಾರದೆ ಹೋದರೆ ಬಾಡಿಗೆ ಕೋಣೆಯಲ್ಲೇ ಮುದುಕಿಯಾಗುತ್ತೇನೆ ಅಂದುಕೊಂಡೆ. ಇಪ್ಪತ್ತೆರಡು ವರ್ಷಗಳ ಮೇಲೆ ನನ್ನ ಬಾಯಿ ನನ್ನದಾಗಿತ್ತು, ನನಗೆ ಅಷ್ಟು ಖುಷಿಯಾಗಿತ್ತು.

ಆ ಹುಡುಗಿಯ ಗಂಡ ನಮ್ಮಿಬ್ಬರನ್ನೂ ನೋಡಿ ನಕ್ಕ. ‘ಹೆಣ್ಮಕ್ಕಳು ಮನಿ ಬಿಡಬೇಕಂದ್ರ ಹಿಂಗ ಮಾತಾಡ್ತಾರ್ರಿ, ಸಂಕಟ. ಹಸಿ ಯಾವ ಮನ್ಯಾಗಿಲ್ಲ? ನಮಗ ಪಸಂದ್ ಅದ’ ಎಂದವನು ಹೆಂಡತಿಯ ಕಡೆ ತಿರುಗಿದ. ‘ಹೌದಿಲ್ಲೋ?’

ಹುಡುಗಿ ನನ್ನ ಮುಖ ನೋಡಿದಳು. ಬೇಡ ಅನ್ನೇ, ಬೇಡ ಅನ್ನು ಎಂದು ನನ್ನ ಜೀವ ಕೂಗಿತು. ಅವಳು ಗೋಡೆಯ ಮೇಲಿನ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

‘ಹೌದ್ರಿ’ ಎಂದಳು.

ಅವರು ಹೋಗಿ ಎರಡು ತಾಸಾಯಿತು. ನಾನು ಇನ್ನೂ ಕೈ ತೊಳೆಯುತ್ತಿದ್ದೇನೆ. ಬೆಳಿಗ್ಗೆಯಷ್ಟೇ ಬಳಿದ ಆ ಗೋಡೆ ಪೂರ್ತಿ ಒಣಗಿರಲಿಲ್ಲ. ಬಣ್ಣ ಅವಳ ಸೆರಗಿಗೂ ಹತ್ತಿರಬೇಕು.